ಮಳೆಗಾಲದಲ್ಲಿ ಕೋವಿಗೆ ತೆಂಗಿನೆಣ್ಣೆ ಬೇಡ

ಪ್ರಶ್ನೆ: ಅಪ್ಪನ ಹೆಸರಲ್ಲಿ ಲೈಸೆನ್ಸ್ ಇರುವ .22 ರೈಫಲ್ (ನಳಿಗೆಯ ತೂತು ಸುಮಾರು 0.22 ಇಂಚು) ಮನೆಯಲ್ಲಿದೆ. ಅಜ್ಜನ ಕಾಲದ್ದು, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಕಂಬಿ) ಎಳೆಯುವ ಬಗೆ. ಆಗೆಲ್ಲ ಮೊಲಕ್ಕೆ ಬಳಸುತ್ತಿದ್ದರಂತೆ, ಈಗ ಸುಮ್ನೆ ಇಟ್ಟದ್ದೇ ಜಾಸ್ತಿ. ಪ್ರತಿ ಮಳೆಗಾಲಕ್ಕೂ ತೆಂಗಿನೆಣ್ಣೆ ಹಚ್ಚಿ ಕವರಿನೊಳಗೆ ಇಡುತ್ತೇವೆ. ಆದರೂ ಆಟಿ ತಿಂಗಳು ಮುಗಿಯುವಾಗ ನಳಿಗೆಯಲ್ಲಿ ಕೆಂಪು ಪುಡಿ, ಬೋಲ್ಟ್ ಅಂಟು ಅಂಟು. ಏನು ಮಾಡೋದು?
— ಓದುಗರು, ಬದಿಯಡ್ಕ

ಉತ್ತರ: ಮೊದಲು ತೆಂಗಿನೆಣ್ಣೆ ನಿಲ್ಲಿಸಿ. ಅದು ದಿನ ಕಳೆದಂತೆ ಕಮಟಾಗುತ್ತದೆ, ಆಮ್ಲ ಹುಟ್ಟುತ್ತದೆ, ಧೂಳು ಹಿಡಿದು ಗಟ್ಟಿಯಾಗುತ್ತದೆ. ನಿಮ್ಮ ಬೋಲ್ಟಿನ ಅಂಟು ಅದೇ. ಎರಡನೆಯದು ಕವರ್. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಚರ್ಮದ ಕವರಾಗಲಿ, ಒಳಗೆ ಸ್ಪಂಜ್ ಇರುವ ಕವರಾಗಲಿ ತೇವ ಹೀರಿಕೊಂಡು ಕೂರುತ್ತದೆ. ಒದ್ದೆ ಬಟ್ಟೆ ಸುತ್ತಿ ಇಟ್ಟ ಹಾಗೆಯೇ ಅಲ್ವಾ? ಪೇಟೆಗೆ ಒಯ್ಯುವಾಗ ಮಾತ್ರ ಕವರ್ ಸಾಕು.

ಈಗ ಕೆಲಸಕ್ಕೆ ಬನ್ನಿ. ಅಪ್ಪ ಪಕ್ಕದಲ್ಲೇ ಇರಲಿ, ಲೈಸೆನ್ಸ್ ಅವರದ್ದು. ತೋಟೆಗಳನ್ನು ಬೇರೆ ಕೋಣೆಯಲ್ಲಿಡಿ. ಮ್ಯಾಗಜಿನ್ (ತೋಟೆ ತುಂಬುವ ಡಬ್ಬಿ) ತೆಗೆದು, ಬೋಲ್ಟ್ ತೆರೆದು, ತೋಟೆ ಕೂರುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಖಾಲಿ ಅಂತ ಗೊತ್ತಿದ್ದರೂ ನೋಡಿ.

ಬೋಲ್ಟ್ ಪೂರ್ತಿ ಹೊರತೆಗೆದು ನಳಿಗೆಯ ಹಿಂದಿನಿಂದ ರಾಡ್ ಹಾಕಿ. ಬಾಯಿಯ ಕಡೆಯಿಂದ ತುರುಕುವುದೇ ಹಳೇ ಕೋವಿಗಳನ್ನು ಕೆಡಿಸಿದ್ದು. ಗುಂಡು ಕೊನೆಗೆ ತಾಗುವುದು ನಳಿಗೆ ಬಾಯಿಯ ಅಂಚಿಗೆ, ಅದು ಒಂದು ಬದಿ ಸವೆದರೆ ಗುರಿ ಓರೆಯಾಗುತ್ತದೆ, ಆಮೇಲೆ ನೀವು ಎಷ್ಟು ಉಜ್ಜಿದರೂ ಆ ಅಂಚು ವಾಪಸ್ ಬರುವುದಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಸಣ್ಣ ಹತ್ತಿ ಬಟ್ಟೆ ತೂರಿಸಿ ಸ್ವಲ್ಪ ಹೊತ್ತು ಬಿಡಿ. ನಂತರ ಕಂಚಿನ ಬ್ರಷ್ ನಾಲ್ಕೈದು ಸಲ. ಬ್ರಷ್ ಆ ಕಡೆ ಪೂರ್ತಿ ಹೊರಬಂದ ಮೇಲೆಯೇ ಹಿಂದೆ ಎಳೆಯಿರಿ. ಆಮೇಲೆ ಒಣ ಬಟ್ಟೆ, ಕೆಂಪು ಬರುವುದು ನಿಲ್ಲುವವರೆಗೆ. ಸೀಮೆಎಣ್ಣೆ ಕೊಳೆ ತೆಗೆಯುತ್ತದೆ, ಆದರೆ ಆರಿಹೋಗುತ್ತದೆ, ತುಕ್ಕು ತಡೆಯುವುದಿಲ್ಲ. ಅದಕ್ಕೇ ಕೊನೆಗೆ ಗನ್ ಆಯಿಲ್, ಸಿಗದಿದ್ದರೆ ಹೊಲಿಗೆ ಮಿಷನ್ ಎಣ್ಣೆ, ತೆಳ್ಳಗೆ.

ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಸುರುಳಿ ಗೀರುಗಳು ಹೊಳೆದರೆ ಸರಿ. ಕಪ್ಪು ಚುಕ್ಕಿ, ಸಣ್ಣ ಗುಳಿ ಕಂಡರೆ ತುಕ್ಕು ಲೋಹ ತಿಂದಿದೆ ಅಂತ ಅರ್ಥ. ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ. ಅಪ್ಪ ಬರಲಾಗದಿದ್ದರೆ ಅವರ ಸಹಿ ಇರುವ ಅಧಿಕಾರ ಪತ್ರ ಇಲ್ಲದೆ ನೀವೊಬ್ಬರೇ ಒಯ್ಯಬೇಡಿ.

ಬೋಲ್ಟಿಗೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಖಾಲಿ ತೋಟೆ ಎಳೆಯುವ ಕೊಕ್ಕೆಯ ಸಂದಿಯಲ್ಲಿ ಮಸಿ, ಮೇಣ, ಸೀಸ ಸೇರಿ ಕೂತಿರುತ್ತದೆ, ಅದನ್ನು ಬಿಡಬೇಡಿ. ಹೊರಗಿನ ತುಕ್ಕಿಗೆ ಎಮರಿ ಕಾಗದ ಬೇಡ, ಲೋಹದ ಮೇಲಿನ ನೀಲಿ ಬಣ್ಣವೇ ಕಿತ್ತುಹೋಗುತ್ತದೆ. ತೀರಾ ನಯವಾದ ಸ್ಟೀಲ್ ವುಲ್ಲಿಗೆ ಎಣ್ಣೆ ಹಾಕಿ ಹಗುರಾಗಿ ತಿಕ್ಕಿ. ಮತ್ತೆ, ಖಾಲಿ ಕೋವಿಯ ಟ್ರಿಗರ್ ಎಳೆದು ನೋಡುವ ಅಭ್ಯಾಸ ಬಿಡಿ. .22ರಲ್ಲಿ ಪಿನ್ನು ತೋಟೆಯ ಅಂಚಿಗೆ ಬಡಿಯುವುದು, ತೋಟೆ ಇಲ್ಲದಿದ್ದರೆ ನಳಿಗೆಯ ಅಂಚಿಗೇ ಬಡಿಯಬಹುದು.

ಬೀಗ ಹಾಕುವ ಒಣ ಕಪಾಟಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸಿ. ಕೈಬೆವರಿನ ಉಪ್ಪು ಸಾಕು, ಬೆರಳಿನ ಗುರುತಿನಲ್ಲೇ ತುಕ್ಕು ಹುಟ್ಟುತ್ತದೆ. ಉಜ್ಜುವುದು ಕಡಿಮೆ, ಒಣಗಿಸುವುದು ಜಾಸ್ತಿ ಇರಲಿ. ಬಳಸುವ ಮೊದಲು ಮಾತ್ರ ಒಣ ಬಟ್ಟೆ ತೂರಿಸಿ ನಳಿಗೆಯ ಎಣ್ಣೆ ತೆಗೆಯಲೇಬೇಕು.

ಪ್ರಶ್ನೆ: ನಮ್ಮದು ಕರಿಮದ್ದು ತುಂಬುವ ಹಳೇ ಲೈಸೆನ್ಸ್ ಕೋವಿ. ಈಡು ಹೊಡೆದ ದಿನವೇ ಎಣ್ಣೆ ಹಾಕುತ್ತೇನೆ, ಆದರೂ ತುಕ್ಕು.
— ಓದುಗರು, ಮುಳ್ಳೇರಿಯ

ಉತ್ತರ: ಕರಿಮದ್ದಿನ ಮಸಿಯಲ್ಲಿ ಉಪ್ಪಿನ ಅಂಶ ಇರುತ್ತದೆ, ಅದು ಗಾಳಿಯ ತೇವ ಎಳೆಯುತ್ತದೆ. ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಕೋವಿ ಖಾಲಿ ಇದೆಯೆಂದು ಖಚಿತ ಮಾಡಿಕೊಂಡು ಅದೇ ದಿನ ಸೋಪು ಹಾಕಿದ ಬಿಸಿನೀರಲ್ಲಿ ನಳಿಗೆ ತೊಳೆಯಿರಿ, ಚೆನ್ನಾಗಿ ಒಣಗಿಸಿ, ಎಣ್ಣೆ ಆಮೇಲೆ.

ಪ್ರಶ್ನೆ: .22ರಲ್ಲಿ ತೋಟಕ್ಕೆ ಬರುವ ಹಂದಿ ಹೊಡೆಯಬಹುದಾ? ಮೊಲ?
— ಓದುಗರು, ಪೆರ್ಲ

ಉತ್ತರ: ಮೊಲ ಹೊಡೆಯುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹಂದಿಗೆ .22 ಬೇಡವೇ ಬೇಡ. ಅದರ ಗುಂಡು ಸಾಮಾನ್ಯವಾಗಿ 2.6 ಗ್ರಾಂ, ಹಂದಿ ಸಾಯದೆ ಗಾಯಗೊಂಡು ಒದ್ದಾಡುತ್ತದೆ, ಮರುದಿನ ಅಡಿಕೆ ಹೆಕ್ಕಲು ಬಂದವರ ಮೇಲೆ ನುಗ್ಗಬಹುದು. ಕೇರಳದಲ್ಲಿ 2022ರಲ್ಲಿ ಹಂದಿ ಕೊಲ್ಲಲು ಆದೇಶ ಕೊಡುವ ಅಧಿಕಾರ ಪಂಚಾಯತ್ ಅಧ್ಯಕ್ಷರಿಗೂ ಸಿಕ್ಕಿತು. ಅಲ್ಲಿ ಅರ್ಜಿ ಕೊಡಿ.