ಕೆಡವಲು ಹೊರಟ ಚರ್ಚ್ ಉಳಿದದ್ದು ಹೇಗೆ?

ಪ್ರಶ್ನೆ: ಮಗಳ ಮನೆಗೆ ಅಂತ ನ್ಯೂಯಾರ್ಕ್‌ಗೆ ಹೋಗಿದ್ದಾಗ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಿನ ಎದುರಿಗಿರುವ ಸೇಂಟ್ ಬ್ರಿಜಿಡ್ ಚರ್ಚ್ ನೋಡಿದೆ. ಅದನ್ನು ಕೆಡವಲು ಹೊರಟಿದ್ದರಂತೆ. ಒಡೆತನ ಇರುವವರೇ ಕಟ್ಟಡ ಬೇಡ ಅಂದರೆ, ಪ್ರಾರ್ಥನೆಗೆ ಬರುವವರು ತಡೆಯೋಕಾಗುತ್ತಾ?

ಉತ್ತರ: ಕಷ್ಟ, ಆದರೆ ಆಗುತ್ತೆ. ಅಲ್ಲಿ ಆಗಿದ್ದೂ ಹಾಗೇ.

1840ರ ದಶಕದ ಕೊನೆಯಲ್ಲಿ, ಬರಗಾಲಕ್ಕೆ ಊರು ಬಿಟ್ಟು ಬಂದ ಐರಿಷ್ ಜನರಿಗಾಗಿ ಕಟ್ಟಿದ ಚರ್ಚ್ ಅದು. ವಾಸ್ತುಶಿಲ್ಪಿ ಪ್ಯಾಟ್ರಿಕ್ ಕೀಲಿ. ಗೋಡೆ ಬಿರುಕು ಬಿಟ್ಟಿದೆ ಅಂತ 2001ರಲ್ಲಿ ಬಾಗಿಲು ಹಾಕಿದರು. ರಿಪೇರಿಗೆ ಜನ ತಾವೇ ಹಣ ಕೂಡಿಸತೊಡಗಿದರು. ಆಗ ಅಲ್ಲಿಗೆ ಬರುತ್ತಿದ್ದವರಲ್ಲಿ ಜಾಸ್ತಿ ಮಂದಿ ಸ್ಪ್ಯಾನಿಷ್ ಮಾತಾಡುವ, ಹೆಚ್ಚು ಸ್ಥಿತಿವಂತರಲ್ಲದ ಕುಟುಂಬದವರು. ಆದರೂ ಆ ಊರಿನ ಕ್ಯಾಥೊಲಿಕ್ ಚರ್ಚುಗಳನ್ನು ನೋಡಿಕೊಳ್ಳುವ ಆಡಳಿತವಾದ ಮಹಾಧರ್ಮಪ್ರಾಂತ್ಯ ಕೆಡವುವ ತೀರ್ಮಾನಕ್ಕೇ ಬಂತು.

ಕೆಲವು ಕಟ್ಟಡಗಳಿಗೆ ಕಾನೂನಿನ ಗಟ್ಟಿ ರಕ್ಷಣೆ ಇರುತ್ತೆ. ಅದೇ ಊರಿನ ಪಾರ್ಕ್ ಅವೆನ್ಯೂನಲ್ಲಿರುವ ಸೇಂಟ್ ಬಾರ್ಥಲೋಮ್ಯೂ ಚರ್ಚ್ 1967ರಿಂದಲೇ ನಗರದ ಸಂರಕ್ಷಿತ ಕಟ್ಟಡ. ಪಕ್ಕದ ಸಮುದಾಯ ಭವನ ಕೆಡವಿ ಎತ್ತರದ ಕಚೇರಿ ಕಟ್ಟಡ ಎಬ್ಬಿಸಲು ಚರ್ಚ್ ಆಡಳಿತ ಹೊರಟಾಗ ನಗರ ಒಪ್ಪಲಿಲ್ಲ. 1990ರಲ್ಲಿ ಮೇಲ್ಮನವಿ ನ್ಯಾಯಾಲಯವೂ ನಗರದ ಪರ ನಿಂತಿತು. ಸೇಂಟ್ ಬ್ರಿಜಿಡ್‌ಗೆ ಈ ಸಂರಕ್ಷಿತ ಪಟ್ಟ ಇರಲಿಲ್ಲ.

ಹಾಗಾಗಿ ಅಲ್ಲಿನವರು ಬೇರೆ ದಾರಿ ಹಿಡಿದರು. ಕೆಡವುವ ನಿರ್ಧಾರ ನಿಯಮದ ಪ್ರಕಾರ ಆಗಿದೆಯೇ ಅಂತಲೇ ಕೋರ್ಟಿನಲ್ಲಿ ಪ್ರಶ್ನಿಸಿದರು. 2006ರಲ್ಲಿ ಕೆಲಸಗಾರರು ಒಡೆಯೋಕೆ ಶುರುಮಾಡಿಯೇಬಿಟ್ಟಿದ್ದರು. ಗೋಡೆಗೆ ತೂತು ಬಿತ್ತು, ಬಣ್ಣದ ಗಾಜಿನ ಕಿಟಕಿಗಳು ಪುಡಿಯಾದವು. ಅಷ್ಟರಲ್ಲಿ ತಡೆಯಾಜ್ಞೆ ಸಿಕ್ಕಿತು. ಕೇಸು ಎಳೆಯುತ್ತಲೇ ಇತ್ತು, ಕಟ್ಟಡ ನಿಂತೇ ಇತ್ತು. 2008ರಲ್ಲಿ ಹೆಸರು ಹೇಳಲೊಲ್ಲದ ದಾನಿಯೊಬ್ಬರು 2 ಕೋಟಿ ಡಾಲರ್ ಕೊಟ್ಟರು. ಅದರಲ್ಲಿ 1 ಕೋಟಿ ಈ ಕಟ್ಟಡದ ದುರಸ್ತಿಗೇ ಮೀಸಲು. 2013ರ ಜನವರಿಯಲ್ಲಿ ಚರ್ಚ್ ಮತ್ತೆ ತೆರೆಯಿತು.

ದಾನಿ ಬಂದದ್ದು ಅದೃಷ್ಟ ಅನ್ನಬಹುದು. ಆದರೆ ಅವರು ಬರುವ ಹೊತ್ತಿಗೆ ಉಳಿಸೋಕೆ ಒಂದು ಕಟ್ಟಡ ಅಲ್ಲಿರಬೇಕಿತ್ತಲ್ವಾ? ಆ ಎರಡು ವರ್ಷ ಗಳಿಸಿಕೊಟ್ಟವರು ಅಲ್ಲಿನ ಜನ. ನನ್ನ ಮಟ್ಟಿಗೆ ಅವರೇ ಅದನ್ನು ಉಳಿಸಿದವರು.

ಹೀಗೆ ಹೋರಾಡುವವರು ಯಾರೇ ಇರಲಿ, ಯಂತ್ರ ಬರುವ ಮುಂಚೆಯೇ ತಡೆಯಾಜ್ಞೆ ಕೇಳಬೇಕು. ಬಿರುಕಿನ ನೆಪ ಹೇಳಿದರೆ ಸ್ವತಂತ್ರ ಎಂಜಿನಿಯರ್ ಒಬ್ಬರಿಂದ ವರದಿ ಬರೆಸಬೇಕು. ತಡವಾದರೆ ಕಳೆದುಕೊಂಡದ್ದು ವಾಪಸ್ ಬರಲ್ಲ. ಸೇಂಟ್ ಬ್ರಿಜಿಡ್‌ನಲ್ಲಿ ನೀವು ನೋಡಿದ ಬಣ್ಣದ ಗಾಜುಗಳು ಅಲ್ಲಿನವಲ್ಲ. ಹಾರ್ಲೆಮ್‌ನಲ್ಲಿ ಮುಚ್ಚಿಹೋದ ಇನ್ನೊಂದು ಚರ್ಚಿನಿಂದ ತಂದು ಕೂರಿಸಿದವು.