ಪಟ್ಟಣವಾದರೂ ಕೈಗೆ ಹತ್ತಿದ್ದೇನು?

ಪ್ರಶ್ನೆ: ನಮ್ಮೂರಿಗೆ ಪಟ್ಟಣ ಪಂಚಾಯಿತಿ ಬೋರ್ಡು ಬಿತ್ತು. ಉದ್ಯೋಗ ಖಾತರಿ ಕೆಲಸ ನಿಂತಿತು, ತೆರಿಗೆ ಏರಿತು. ಗಟಾರ ಮಾತ್ರ ಹಂಗೇ ಐತ್ರಿ. ಶಹರದ ಸೌಲಭ್ಯ ಯಾವಾಗ ಬರ್ತಾವ?
– ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಹೋಗುವುದು ಅಧಿಸೂಚನೆ ಜಾರಿಯಾದಾಗಲೇ ಹೋಗುತ್ತದೆ. ಬರುವುದಕ್ಕೆ ಊರಿನ ಸ್ವಂತ ವರಮಾನ ಬೇಕು. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ 10,000ದಿಂದ 20,000 ಜನಸಂಖ್ಯೆ, ಚದರ ಕಿ.ಮೀ.ಗೆ 400 ಜನ, ದುಡಿಯುವವರಲ್ಲಿ ಅರ್ಧದಷ್ಟು ಮಂದಿ ಬೇಸಾಯದ ಹೊರಗೆ ಇರಬೇಕೆನ್ನುತ್ತದೆ. ಆ ಅರ್ಧ ಮಂದಿ ಏನು ಮಾಡಿ ಉಣ್ಣುತ್ತಾರೆಂದು ಅದು ಕೇಳುವುದಿಲ್ಲ. ಫರ್ಸಿ ಕಲ್ಲಿನ ಗಣಿಯ ಕೂಲಿ, ಗೌಂಡಿ ಕೆಲಸ, ಪಾನ್‌ ಅಂಗಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದರಿಂದ ಹುಟ್ಟುವ ತೆರಿಗೆ ಅಷ್ಟಕ್ಕಷ್ಟೆ. ತೆರಿಗೆ ಕೊಡಬಲ್ಲ ಕಾರ್ಖಾನೆ ಗಡಿಯಾಚೆ ಇದ್ದರೆ ಆ ಹಣ ಅಲ್ಲಿನ ಗ್ರಾಮ ಪಂಚಾಯಿತಿಗೆ. ಮಳಖೇಡದ ಸಿಮೆಂಟ್ ಕಾರ್ಖಾನೆ ಸೇಡಂ ಪುರಸಭೆಯ ಗಡಿಯೊಳಗಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ.

ಇನ್ನೊಂದು ಸೋರಿಕೆ ಖಾತಾದ್ದು. ಎನ್‌.ಎ. (ಕೃಷಿಯೇತರ ಬಳಕೆಗೆ ಭೂಪರಿವರ್ತನೆ) ಮಾಡಿಸದೆ ಹೊಲವನ್ನೇ ಪ್ಲಾಟು ಹಾಕಿ ಮಾರಿದ ಕಡೆ ರಸ್ತೆ, ಗಟಾರದ ಜಾಗ ಊರಾಡಳಿತಕ್ಕೆ ಹಸ್ತಾಂತರವಾಗಿರುವುದೇ ಇಲ್ಲ. ಅಲ್ಲಿ ಪೈಪು ಹಾಕಬೇಕೆಂದರೆ ಮೊದಲು ಜಾಗದ ತಕರಾರು ತೀರಬೇಕು. ನಿಮ್ಮ ಕೈಯಲ್ಲಿರುವುದು ಇಷ್ಟು: ಗ್ರಾಮ ಪಂಚಾಯಿತಿ ಕೊಟ್ಟ ಹಳೆಯ ಆಸ್ತಿ ದಾಖಲೆ ನಮೂನೆ 9, 11ಎ ಇಟ್ಟುಕೊಂಡು ಸುಮ್ಮನಿರಬೇಡಿ. ನೋಂದಾಯಿತ ಪತ್ರ, ಎನ್‌.ಎ. ಆದೇಶ, ಮಂಜೂರಾದ ಬಡಾವಣೆ ನಕ್ಷೆ, ತೆರಿಗೆ ರಸೀದಿ ಹಿಡಿದು ಪಟ್ಟಣಗಳ ಆಸ್ತಿ ದಾಖಲಿಸುವ ಇ-ಆಸ್ತಿ ತಂತ್ರಾಂಶದಲ್ಲಿ ನಮೂನೆ 3 (ಖಾತಾ) ಮಾಡಿಸಿ. ಏಪ್ರಿಲ್‌ನಲ್ಲಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ.

ಪ್ರಶ್ನೆ: ಪುರಸಭೆ ಒಳಚರಂಡಿ ಹಾಕಿದೆ, ಆದರೂ ಮ್ಯಾನ್‌ಹೋಲ್ ಉಕ್ಕುತ್ತದೆ. ಕಾಮಗಾರಿ ಕಳಪೆಯೇ?
– ಓದುಗರು, ಬೀದರ್ ಜಿಲ್ಲೆ

ಉತ್ತರ: ಕಳಪೆಯೂ ಇರಬಹುದು. ಮೊದಲು ನೀರಿನ ಲೆಕ್ಕ ನೋಡಿ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್, ಇಲ್ಲದ ಊರಿಗೆ 70 ಲೀಟರ್ ಎಂಬುದು ಕೇಂದ್ರದ ಮಾನದಂಡ. 20,000 ಜನಕ್ಕೆ ದಿನಕ್ಕೆ 27 ಲಕ್ಷ ಲೀಟರ್ ಆಯಿತು. ನಾಲ್ಕೈದು ದಿನಕ್ಕೊಮ್ಮೆ ನಳ ಬಿಡುವ ಊರಲ್ಲಿ ಪೈಪಿನೊಳಗೆ ಹೊಲಸು ಕೊಚ್ಚಿಹೋಗುವಷ್ಟು ರಭಸ ಬರುವುದಿಲ್ಲ. ಕೆಳಗೆ ಕೂರುತ್ತದೆ, ಗಟ್ಟಿಯಾಗುತ್ತದೆ, ಮಳೆ ನೀರು ಹೊಕ್ಕಾಗ ಉಕ್ಕುತ್ತದೆ. ಕೆಟ್ಟ ನಂತರ ನೀರಿನ ರಭಸದಿಂದ ಪೈಪು ತೊಳೆಯುವ ಜೆಟ್ಟಿಂಗ್ ಯಂತ್ರ ಬಾಡಿಗೆಗೆ ತರುವುದು ಊರಿನ ಬಜೆಟ್‌ಗೆ ಭಾರ. ದೊಡ್ಡ ಶಹರದಲ್ಲಿ ಅದೇ ಖರ್ಚು ಲಕ್ಷಾಂತರ ಜನರ ಮೇಲೆ ಹರಿದು ಹಂಚಿಹೋಗುತ್ತದೆ. ಇಷ್ಟು ನೀರಿಲ್ಲದ ಊರಿಗೆ ಸರಿಯಾದ ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕು, ಎರಡು-ಮೂರು ವರ್ಷಕ್ಕೊಮ್ಮೆ ಟ್ಯಾಂಕರ್‌ನಿಂದ ಖಾಲಿ ಮಾಡಿಸುವ ಕ್ರಮ, ಆ ಹೊಲಸನ್ನು ಸಂಸ್ಕರಿಸುವ ಘಟಕ ಸಾಕು. ದೇವನಹಳ್ಳಿಯಲ್ಲಿ ಇಂಥ ಘಟಕ 2015ರಲ್ಲೇ ಬಂದಿದೆ. ಒಳಚರಂಡಿಯೇ ಅಭಿವೃದ್ಧಿಯ ಗುರುತು ಎಂಬ ಹಟ ನಮ್ಮಲ್ಲಿ ಜಾಸ್ತಿ.

ಪ್ರಶ್ನೆ: ತೊಗರಿ ಬೆಳೆಯುವುದು ನಮ್ಮ ಹೊಲದಲ್ಲಿ, ದಾಲ್‌ಮಿಲ್ಲುಗಳೆಲ್ಲ ಕಲಬುರಗಿಯಲ್ಲಿ. ಜೇವರ್ಗಿಯಲ್ಲೇ ಮಿಲ್ ಹಾಕಿದರೆ ಗಿಟ್ಟುತ್ತದೆಯೇ?
– ಓದುಗರು, ಜೇವರ್ಗಿ

ಉತ್ತರ: ಒಂಟಿ ಮಿಲ್ಲಿಗೆ ಗಿಟ್ಟುವುದು ಕಷ್ಟ. ಕ್ವಿಂಟಾಲ್ ತೊಗರಿಗೆ 70–75 ಕಿಲೊ ಬೇಳೆ, ಉಳಿದದ್ದು ಹೊಟ್ಟು, ಚುನ್ನಿ (ದನಕ್ಕೆ ಹಾಕುವ ನುಚ್ಚು-ಪುಡಿ). ಸಿಪ್ಪೆ ತೆಗೆಯುವ, ಎಮರಿ ಎಂಬ ಉಜ್ಜುಪುಡಿ ಲೇಪಿಸಿದ ರೋಲರ್ ಸವೆದರೆ ನುಚ್ಚು ಹೆಚ್ಚುತ್ತದೆ, 75 ಕಿಲೊ ಸಿಗಬೇಕಾದ ಕಡೆ ಲಾಭವೇ ನುಚ್ಚಾಗಿ ಹೋಗುತ್ತದೆ. ಅನೇಕ ಮಿಲ್ಲುಗಳು ಒಂದೆಡೆ ಇರುವ ಊರಲ್ಲಿ ರೋಲರ್ ಲೇಪನ ಮಾಡುವವ, ಬೆಲ್ಟು, ಬೇರಿಂಗ್, ಮೋಟಾರು ಸುತ್ತುವವ, ಅಡತಿಯವ, ಚುನ್ನಿ ಕೊಳ್ಳುವವ, ಬ್ಯಾಂಕು ಎಲ್ಲ ಹತ್ತಿರ. ಅಲ್ಲಿ ಅರ್ಧ ದಿನ ನಿಲ್ಲುವ ಮಿಲ್, ಒಂಟಿಯಾಗಿದ್ದರೆ ಎರಡು ದಿನ ನಿಲ್ಲುತ್ತದೆ. ರೋಡು ಚೆನ್ನಾದಷ್ಟೂ ಮಾಲು ಇನ್ನೂ ಸಲೀಸಾಗಿ ಕಲಬುರಗಿಗೆ ಹೋಗುತ್ತದೆ, ಅದೂ ನೆನಪಿರಲಿ.

ಮಿಲ್ಲಿಗಿಂತ ಮೊದಲು ಸ್ವಚ್ಛಗೊಳಿಸುವ, ಗ್ರೇಡ್ ಮಾಡುವ ಯಂತ್ರ ಮತ್ತು ಗೋದಾಮನ್ನು ರೈತ ಉತ್ಪಾದಕರ ಕಂಪನಿಯ ಮೂಲಕ ಮಾಡಿ. ತೇವಾಂಶ ಶೇ 12ಕ್ಕಿಂತ ಕೆಳಗಿರಲಿ, ಇಲ್ಲದಿದ್ದರೆ ಹುಳ ಬೀಳುತ್ತದೆ. ನೋಂದಾಯಿತ ಗೋದಾಮಿನ ಇಲೆಕ್ಟ್ರಾನಿಕ್ ರಸೀದಿಯ ಮೇಲೆ ಸಾಲ ಸಿಗುವುದರಿಂದ ಸುಗ್ಗಿಯಲ್ಲಿ ಬಂದ ದರಕ್ಕೆ ಕೊಡಬೇಕಿಲ್ಲ. ಮಿಲ್ ಹಾಕಲೇಬೇಕೆಂದರೆ ಲೇಪನ ಮಾಡಿಸಿದ ಒಂದು ರೋಲರ್ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಸ್ಮಾರ್ಟ್ ಸಿಟಿ ಹಣ ಯಾದಗಿರಿಗೆ ಬಂತೇ?
– ಓದುಗರು, ಯಾದಗಿರಿ

ಉತ್ತರ: ಇಲ್ಲ. 2015ರ ಆ ಯೋಜನೆಯಲ್ಲಿ ಕಲ್ಯಾಣ ಕರ್ನಾಟಕದ ಒಂದು ಊರೂ ಇರಲಿಲ್ಲ. ಅದೇ ವರ್ಷ ಕೇಂದ್ರ ತಂದ, ನಗರಗಳ ನೀರು-ಒಳಚರಂಡಿಯ ಅಮೃತ್ ಯೋಜನೆಗೆ ಒಂದು ಲಕ್ಷ ಜನಸಂಖ್ಯೆಯ ಮಿತಿ ಇತ್ತು. ಕಲಬುರಗಿ, ಬೀದರ್ ಸೇರಿದವು, ಯಾದಗಿರಿ ಹೊರಗುಳಿಯಿತು. 2021ರ ಅಮೃತ್ 2.0 ಎಲ್ಲ ಪಟ್ಟಣಗಳ ಕುಡಿಯುವ ನೀರಿಗೂ ತೆರೆದುಕೊಂಡಿತು. ನಿಮ್ಮ ವಾರ್ಡಿನ ಪೈಪು ಅದರ ಅಂದಾಜುಪಟ್ಟಿಯಲ್ಲಿದೆಯೇ ಎಂದು ನಗರಸಭೆಯ ಎಂಜಿನಿಯರ್ ಬಳಿ ಕೇಳಿ.