ಎರಡು ತಿಂಗಳು ಮುಚ್ಚಿಟ್ಟ ಕಂಪ್ಯೂಟರ್ ಸರಿಯಾಗಿ ಶುರುವಾಗದಿದ್ದರೆ ಮೊದಲು ಏನು ನೋಡಬೇಕು?

ಮೇ ತಿಂಗಳಲ್ಲಿ ಮೇನ್ ಸ್ವಿಚ್ ಆರಿಸಿ ಊರಿಗೆ ಹೋಗಿ ಜುಲೈಯಲ್ಲಿ ಡೊಂಬಿವಲಿಗೆ ಮರಳಿದ ಮೇಲೆ, ನಿಮ್ಮ ಡೆಸ್ಕ್‌ಟಾಪ್‌ನ ಫ್ಯಾನ್ ತಿರುಗಿದರೂ ಮಾನಿಟರಿನಲ್ಲಿ ಏನೂ ಮೂಡುವುದಿಲ್ಲ, ಅಪರೂಪಕ್ಕೆ ಮೂಡಿದರೂ ಯಾವುದೋ ಹಳೆಯ ವರ್ಷದ ತಾರೀಖು ತೋರಿಸಿ ವಿಂಡೋಸ್ ಬರುವ ಮೊದಲೇ ನಿಲ್ಲುತ್ತದೆ, ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಎಂದರು ಎಂದು ಬರೆದಿದ್ದೀರಿ. ಬೋರ್ಡ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನನಗೆ ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಬಂದಂತೆ ಕಾಣುತ್ತದೆ.

ಮಾನಿಟರ್ ಕಪ್ಪಾಗಿರುವುದಕ್ಕೆ ನನ್ನ ಮೊದಲ ಅನುಮಾನ ಬೋರ್ಡಿಗೆ ಸಿಕ್ಕಿಸುವ ಸಣ್ಣ ಮೆಮೊರಿ ಹಲಗೆಯಾದ ರ‍್ಯಾಮ್ ಮೇಲೆ. ಮುಂಬೈ ಕಡೆಯ ಮಳೆಗಾಲದಲ್ಲಿ ಮುಚ್ಚಿದ ಮನೆಯೊಳಗಿನ ತೇವ ಚಪ್ಪಲಿಗೂ ಬೂಸ್ಟು ಹಿಡಿಸುತ್ತದೆ. ರ‍್ಯಾಮ್‌ನ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಅದು ಬಿಡುವುದಿಲ್ಲ. ಎರಡು ಮಳೆಗಾಲದ ಹಿಂದೆ ಮಲಾಡಿನ ನನ್ನ ಮನೆಯ ಯಂತ್ರಕ್ಕೂ ಒಬ್ಬ ರಿಪೇರಿಯವರು ಬೋರ್ಡ್ ಹೋಗಿದೆ ಎಂದೇ ತೀರ್ಪು ಕೊಟ್ಟಿದ್ದರು. ಮಗಳ ಪೆನ್ಸಿಲ್ ಡಬ್ಬಿಯಿಂದ ಬಿಳಿ ರಬ್ಬರ್ ತೆಗೆದು ಆ ಪಟ್ಟಿಗಳನ್ನು ಮೆಲ್ಲಗೆ ಉಜ್ಜಿದಾಗ ರಬ್ಬರಿನ ತುದಿ ಕಪ್ಪಾಯಿತು, ಯಂತ್ರ ಮೊದಲ ಸಲಕ್ಕೇ ಎದ್ದಿತು. ನೀವೂ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಆಮೇಲೆ ರ‍್ಯಾಮ್ ತೆಗೆಯಿರಿ. ಶಾಯಿ ಅಳಿಸುವ ಗಡಸು ರಬ್ಬರ್ ಬೇಡ. ಉಜ್ಜಿದ ಪುಡಿಯನ್ನು ಒಣ ಬ್ರಷ್ಷಿನಿಂದ ಝಾಡಿಸಿ, ರ‍್ಯಾಮನ್ನು ಮತ್ತೆ ಅದರ ಜಾಗದಲ್ಲಿಟ್ಟು ಕೊಂಡಿ ಟಕ್ಕೆಂದು ಕೂರುವವರೆಗೆ ಒತ್ತಿರಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ತಾರೀಖು ಹಿಂದೆ ಹೋಗುವುದು ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯ ಕೆಲಸ. ಪ್ಲಗ್ಗಿನಲ್ಲಿ ಕರೆಂಟು ಇರುವಷ್ಟು ದಿನ ಅದರ ಮೇಲೆ ಹೊರೆ ಇರುವುದಿಲ್ಲ. ನೀವು ಮೇನ್ ಆರಿಸಿದ ದಿನದಿಂದ ಗಡಿಯಾರವನ್ನು ನಡೆಸಿದ್ದು ಅದೊಂದೇ, ಹಾಗಾಗಿ ಹಳೆಯ ಬ್ಯಾಟರಿ ಆ ಎರಡು ತಿಂಗಳಲ್ಲಿ ಸೋತಿರಬಹುದು. ಸಾಮಾನ್ಯವಾಗಿ ಅದು ಸಿಆರ್ 2032, ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ, ಇದಕ್ಕಾಗಿ ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನವರೆಗೆ ಹೋಗಬೇಕಾಗಿಲ್ಲ.

ಹೊಸ ಬ್ಯಾಟರಿ ಹಾಕಿದೊಡನೆ ವಿಂಡೋಸ್ ಬಂದೇಬಿಡುತ್ತದೆ ಎಂದುಕೊಳ್ಳಬೇಡಿ. ಬ್ಯಾಟರಿ ಸತ್ತಾಗ ಬಯಾಸ್, ಎಂದರೆ ವಿಂಡೋಸಿಗೂ ಮೊದಲು ಓಡುವ ಬೋರ್ಡಿನದೇ ಪ್ರೋಗ್ರಾಮ್, ತನ್ನ ಮೂಲ ಸೆಟ್ಟಿಂಗಿಗೆ ಮರಳಿರುವುದುಂಟು. ವಿಂಡೋಸ್ ಹಾಕಿದಾಗ ಡಿಸ್ಕ್ ಎಎಚ್‌ಸಿಐ ಮೋಡಿನಲ್ಲಿದ್ದು ಈಗ ರೇಡ್ ಎಂದಾಗಿದ್ದರೆ (ಇವೆರಡೂ ಬೋರ್ಡ್ ಡಿಸ್ಕನ್ನು ನಡೆಸುವ ರೀತಿಗಳು), ಅಥವಾ ಯುಇಎಫ್‌ಐ ಇದ್ದ ಕಡೆ ಲೆಗಸಿ ಬಂದಿದ್ದರೆ (ಇವು ಯಂತ್ರ ಶುರುವಾಗುವ ಹೊಸ ಮತ್ತು ಹಳೆಯ ರೀತಿಗಳು), ಡಿಸ್ಕ್ ಚೆನ್ನಾಗಿದ್ದರೂ ವಿಂಡೋಸ್ ಏಳುವುದಿಲ್ಲ. ಆನ್ ಮಾಡುತ್ತಿದ್ದಂತೆ ಡಿಲೀಟ್ ಅಥವಾ ಎಫ್ 2 ಒತ್ತಿ ಒಳಹೊಕ್ಕು, ತಾರೀಖು ಸರಿಪಡಿಸಿ, ಈ ಎರಡನ್ನೂ ಬೂಟ್ ಕ್ರಮವನ್ನೂ (ಯಾವ ಡಿಸ್ಕಿನಿಂದ ಮೊದಲು ಶುರುವಾಗಬೇಕು ಎಂಬ ಪಟ್ಟಿ) ನೋಡಿ. ಏನನ್ನಾದರೂ ಬದಲಿಸುವ ಮೊದಲು ಇದ್ದದ್ದರ ಫೋಟೋ ತೆಗೆದುಕೊಳ್ಳಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಇಷ್ಟಾದರೂ ಮಾನಿಟರ್ ಕಪ್ಪಾಗಿಯೇ ಉಳಿದರೆ, ಬೇರೆಯವರ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟು ಕೊಡುವ ಡಬ್ಬಿ) ಒಂದು ದಿನದ ಮಟ್ಟಿಗೆ ಕೇಳಿ ತಂದು ಜೋಡಿಸಿ ನೋಡಿ. ನಿಮ್ಮದರ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳು ಶಾಕ್ ಹೊಡೆಯಬಲ್ಲವು.